ಗೋರಿಕಲ್ಲೂ ಶಾಸನವೇ: ಹಾಸನ ಸೀಮೆಯ ಕ್ರೈಸ್ತ ಸಮಾಧಿ ಭೂಮಿಗಳನ್ನು ನಾವು ಯಾಕೆ ಓದಲಿಲ್ಲ?

ಹಾಸನದಿಂದ ಸುಮಾರು 20 ಕಿಲೋಮೀಟರ್ ದೂರದ ಶೆಟ್ಟಿಹಳ್ಳಿಯ ಹಳೇ ರೋಸರಿ ಚರ್ಚಿನ ಫೋಟೋ ನೋಡದವರು ನಮ್ಮಲ್ಲಿ ಕಡಿಮೆ. ಮಳೆಗಾಲದಲ್ಲಿ ಹೇಮಾವತಿಯ ಹಿನ್ನೀರು ಏರಿದಾಗ ಅರ್ಧ ಮುಳುಗಿದ ಗೋಡೆಗಳು, ಬೇಸಿಗೆಯಲ್ಲಿ ಒಣಗಿದ ಮಣ್ಣಿನ ಮೇಲೆ ಬೋಳಾಗಿ ನಿಂತ ಕಮಾನುಗಳು. ವರ್ಷಕ್ಕೆ ಎರಡು ಸಲ ಈ ಚಿತ್ರಗಳು ನಮ್ಮ ಮೊಬೈಲಿಗೆ ಬರುತ್ತವೆ. ಅದರ ಕೆಳಗೆ ಬರುವ ನಾಲ್ಕು ಸಾಲೂ ಹೆಚ್ಚುಕಡಿಮೆ ಒಂದೇ: 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು, ಗೋಥಿಕ್ ಶೈಲಿ, ಗೊರೂರು ಅಣೆಕಟ್ಟಿನಿಂದ ಮುಳುಗಡೆ, ಗಾರೆಗೆ ಬೆಲ್ಲ ಮತ್ತು ಮೊಟ್ಟೆ ಬೆರೆಸಿದ್ದರಂತೆ. ಈ ಬೆಲ್ಲ-ಮೊಟ್ಟೆಯ ಕಥೆಗೆ ಆಧಾರ ಕೊಟ್ಟ ಒಂದು ಬರಹವನ್ನೂ ನಾನು ಓದಿಲ್ಲ. ಆದರೂ ಅದು ಕೈಯಿಂದ ಕೈಗೆ ದಾಟುತ್ತಲೇ ಇದೆ.

ಚರ್ಚನ್ನು ಮೆಚ್ಚಬಾರದು ಅಂತ ನಾನು ಹೇಳುತ್ತಿಲ್ಲ. ನಾನೂ ಮೂರು ಸಲ ಹೋಗಿ ಬಂದವನೇ. ನನ್ನ ತಕರಾರು ಬೇರೆ. ಹಳ್ಳಿಯ ಒಂದು ಕ್ರೈಸ್ತ ನೆಲೆಯಲ್ಲಿ ಪರಂಪರೆ ಅಂತ ನಾವು ಗುರುತಿಸುವುದು ಬರೀ ಕಟ್ಟಡವನ್ನ, ಅದೂ ಪಾಳುಬಿದ್ದರೆ, ಚಿತ್ರಕ್ಕೆ ಚೆಂದ ಕಂಡರೆ. ಅದೇ ಸೀಮೆಯ ಜೀವಂತ ಊರುಗಳಲ್ಲಿ, ಇವತ್ತಿಗೂ ಪೂಜೆ ನಡೆಯುವ ಚರ್ಚುಗಳ ಪಕ್ಕದಲ್ಲಿ, ಕಲ್ಲಿನ ಮೇಲೆ ಕನ್ನಡ ಕೊರೆದ ಸಮಾಧಿ ಭೂಮಿಗಳಿವೆ. ಶಾಸನಾಸಕ್ತರಾದ ನಾವೇ ಅವುಗಳನ್ನು ಓದಿಲ್ಲ. ಈ ಬರಹ ಮೊದಲು ನನ್ನ ಮೇಲಿನ ಟೀಕೆ, ಆಮೇಲೆ ನಮ್ಮೆಲ್ಲರ ಮೇಲಿನದು.

ನಾನು ಮಾಡಿದ ತಪ್ಪು

ಐದು ವರ್ಷದ ಹಿಂದೆ ಹಾಸನ ಜಿಲ್ಲೆಯ ಒಂದು ಹಳ್ಳಿಗೆ ವೀರಗಲ್ಲು ಹುಡುಕಿಕೊಂಡು ಹೋಗಿದ್ದೆ. ಊರಿನ ಹೆಸರು ಇಲ್ಲಿ ಬೇಡ. ವೀರಗಲ್ಲು ಸಿಗಲಿಲ್ಲ. ವಾಪಸ್ ಬರುವಾಗ ಚರ್ಚಿನ ಹಿಂದಿನ ಸಮಾಧಿ ಭೂಮಿಗೆ ಹೊಕ್ಕೆ. ಒಂದು ಕಲ್ಲು ಕಣ್ಣಿಗೆ ಬಿತ್ತು. ಸುಮಾರು ಮೂರಡಿ ಎತ್ತರದ ಕಣಶಿಲೆ, ಮೇಲೆ ಶಿಲುಬೆ, ಶಿಲುಬೆಯ ಬುಡದಲ್ಲಿ ಕಮಲದ ಎಸಳು. ದೇವಸ್ಥಾನದ ಕಂಬಕ್ಕೆ ಹೂವು ಕೊರೆದು ಪಳಗಿದ ಕೈಯೇ ಅದನ್ನೂ ಕೊರೆದಂತಿತ್ತು. ಕೆಳಗೆ ಐದಾರು ಸಾಲು ಕನ್ನಡ. ಶಿಲುಬೆ ಮತ್ತು ಕಮಲ ತುಂಬಿಕೊಳ್ಳುವ ಹಾಗೆ ಒಂದು ಫೋಟೋ ತೆಗೆದೆ. ಅಕ್ಷರಗಳು ಚೌಕಟ್ಟಿನ ಹೊರಗೆ ಉಳಿದವು. "ಇತ್ತೀಚಿನದು ಬಿಡು, ನೂರು ವರ್ಷವೂ ಆಗಿರಲಿಕ್ಕಿಲ್ಲ" ಅಂದುಕೊಂಡು ಹೊರಟೆ.

ಕಳೆದ ವರ್ಷ ಅದೇ ಊರಿಗೆ ಮತ್ತೆ ಹೋದೆ. ಆ ಕಲ್ಲು ಇರಲಿಲ್ಲ. ಅದಿದ್ದ ಜಾಗದಲ್ಲಿ ಹೊಸ ಗೋರಿ, ಅದರ ಮೇಲೆ ಕರಿ ಗ್ರಾನೈಟು. ಎಪ್ಪತ್ತು ದಾಟಿದ ಒಬ್ಬ ಯಜಮಾನರು ನನ್ನನ್ನು ಗುರುತು ಹಿಡಿದರು.

"ಸಾರ್, ಅವತ್ತು ನೀವು ಫೋಟೋ ತಗೊಂಡ್ರಲ್ಲ, ಅದ್ರಲ್ಲಿ ನಮ್ಮ ತಾತಂದು ಬಂದಿದ್ಯಾ ನೋಡ್ತೀರಾ? ಹೂವಿನ ಕಲ್ಲು ಅಂತಿದ್ವಿ."

ಮೊಬೈಲಿನಲ್ಲಿ ಹುಡುಕಿ ತೋರಿಸಿದೆ. ಶಿಲುಬೆ ಇತ್ತು, ಕಮಲ ಇತ್ತು. ಹೆಸರಿನ ಸಾಲಿನ ತಲೆಕಟ್ಟು ಮಾತ್ರ ಚಿತ್ರದ ಅಂಚಿನಲ್ಲಿ ಗೆರೆಯ ಹಾಗೆ ಕಾಣುತ್ತಿತ್ತು. ಅವರು ತುಂಬಾ ಹೊತ್ತು ನೋಡಿ, "ಕೆಳಗಿಂದು ಬಂದಿಲ್ಲ ಅಲ್ವಾ" ಅಂದರು. ಬೈಯ್ಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಪುಸ್ತಕದಲ್ಲಿ ಇದೆಯಲ್ಲ ಅಂದರೆ?

ನೀವು ಕೇಳಬಹುದು: ಚರ್ಚಿನಲ್ಲಿ ಮರಣದ ದಾಖಲೆ ಪುಸ್ತಕ ಇರುತ್ತದಲ್ಲ, ಕಲ್ಲು ಹೋದರೆ ಏನಾಯ್ತು? ನ್ಯಾಯವಾದ ಪ್ರಶ್ನೆ. ಕಥೋಲಿಕ ಸಭೆಯಲ್ಲಿ ದೀಕ್ಷಾಸ್ನಾನ, ಮದುವೆ, ಮರಣ ಮೂರನ್ನೂ ಬರೆದಿಡುವುದು ಶತಮಾನಗಳ ಪದ್ಧತಿ. 1983ರ ಧರ್ಮಸಭಾ ನಿಯಮಾವಳಿಯೂ ಹಳೆಯ ಪುಸ್ತಕಗಳನ್ನು ಜೋಪಾನ ಮಾಡಬೇಕು ಎನ್ನುತ್ತದೆ. ಆ ಊರಿನ ಗುರುಗಳು ದೊಡ್ಡ ಮನಸ್ಸು ಮಾಡಿ ಹಳೇ ಪುಸ್ತಕ ತೆಗೆದು ತೋರಿಸಿದರು. ಅದು ಇದ್ದದ್ದು ಲ್ಯಾಟಿನ್ನಿನಲ್ಲಿ.

ಅಲ್ಲಿಯೇ ತೊಡಕು. ಹಳೇ ಮೈಸೂರು ಸೀಮೆಯ ಕಥೋಲಿಕರ ಹೆಸರುಗಳನ್ನು ನೋಡಿ: ರಾಯಪ್ಪ, ಚಿನ್ನಪ್ಪ, ಅರುಳಪ್ಪ, ಇನ್ನಾಸಪ್ಪ, ಚೌರಪ್ಪ. ಹೊರಗಿನವರಿಗೆ ರಾಯಪ್ಪ, ಚಿನ್ನಪ್ಪ ಅಂದರೆ ಯಾವ ಧರ್ಮದವರು ಅಂತಲೂ ತಿಳಿಯುವುದಿಲ್ಲ. ಆದರೆ ರಾಯಪ್ಪ ಅಂದರೆ ಸಂತ ಪೇತ್ರ, ಚಿನ್ನಪ್ಪ ಅಂದರೆ ಸಂತ ಪೌಲ, ಅರುಳಪ್ಪ ಅಂದರೆ ಯೊವಾನ್ನ. ಇವು ತಮಿಳು ಕಥೋಲಿಕರ ಬಳಕೆಯಿಂದ ಕನ್ನಡಕ್ಕೆ ಬಂದ ರೂಪಗಳು. ಇಗ್ನೇಷಿಯಸ್ ಇನ್ನಾಸಪ್ಪನಾಗಿದ್ದಾನೆ, ಕ್ಸೇವಿಯರ್ ಚೌರಪ್ಪನಾಗಿದ್ದಾನೆ. ಪಾದ್ರಿಯವರ ಲ್ಯಾಟಿನ್ ಪುಸ್ತಕದಲ್ಲಿ ಇದೇ ರಾಯಪ್ಪ 'ಪೇತ್ರುಸ್' ಆಗುತ್ತಾನೆ, ಚಿನ್ನಪ್ಪ 'ಪೌಲುಸ್' ಆಗುತ್ತಾನೆ. ಊರು ಕರೆದ ಹೆಸರು, ಮನೆತನದ ಹೆಸರು ಅಲ್ಲಿ ಕಾಣುವುದಿಲ್ಲ.

ಯಜಮಾನರ ತಾತನ ಹೆಸರನ್ನು ನಾನು ಬರೆಯುವುದಿಲ್ಲ. ರಾಯಪ್ಪನಂಥದೇ ಒಂದು ಹೆಸರು ಅಂತಿಟ್ಟುಕೊಳ್ಳಿ. ಅವರು ಹೇಳಿದ ಅಂದಾಜು ಕಾಲದಲ್ಲಿ ಅದೇ ಲ್ಯಾಟಿನ್ ಹೆಸರಿನ ಮೂವರು ತೀರಿಕೊಂಡಿದ್ದರು. ಮೂವರಲ್ಲಿ ಯಾರು ಇವರ ತಾತ? ಕಲ್ಲಿನ ಮೇಲೆ ಮನೆಯ ಹೆಸರಿತ್ತು ಅಂತ ಅವರಿಗೆ ನೆನಪು. ಪುಸ್ತಕ ಮತ್ತು ಕಲ್ಲು ಎರಡೂ ಇದ್ದಿದ್ದರೆ ಒಂದು ನಿಮಿಷದಲ್ಲಿ ತೀರ್ಮಾನವಾಗುತ್ತಿತ್ತು. ತಾಮ್ರಶಾಸನ ಮತ್ತು ಶಿಲಾಶಾಸನವನ್ನು ಒಂದಕ್ಕೊಂದು ತಾಳೆ ನೋಡುತ್ತೇವಲ್ಲ, ಇದೂ ಅದೇ ಕೆಲಸ. ಒಂದು ಕಳೆದುಹೋದರೆ ಇನ್ನೊಂದು ಅರ್ಧ ಮೂಕ.

'ಶಾಸನ' ಅನ್ನಬಹುದೇ?

"ಗೋರಿಯ ಮೇಲಿನ ಹೆಸರು ಶಾಸನ ಹೇಗಾಗುತ್ತೆ? ಶಾಸನ ಅಂದರೆ ಆಜ್ಞೆ, ದತ್ತಿ, ಕಟ್ಟಳೆ" ಅಂತ ಹಿರಿಯ ಮಿತ್ರರೊಬ್ಬರು ವಾದಿಸಿದರು. ಪದದ ಅರ್ಥ ಅಷ್ಟೇ ಆದರೆ ಸರಿ. ಆದರೆ ನಾವು ಆ ಅರ್ಥದಲ್ಲಿ ನಿಂತಿಲ್ಲ. ವೀರಗಲ್ಲಿನಲ್ಲಿ ಯಾವ ಆಜ್ಞೆ ಇದೆ? ಮಾಸ್ತಿಗಲ್ಲಿನಲ್ಲಿ? ನಿಸಿದಿಯಲ್ಲಿ? ಇವೆಲ್ಲ ಸತ್ತವರ ನೆನಪಿಗೆ ನಿಲ್ಲಿಸಿದ ಕಲ್ಲುಗಳು. ಇವನ್ನು ಸ್ಮಾರಕ ಶಾಸನ ಅಂತ ಕರೆದು ಸಂಪುಟಗಳಲ್ಲಿ ಸೇರಿಸಿಕೊಂಡಿದ್ದೇವೆ.

ಇದೇ ಹಾಸನ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಹಲ್ಮಿಡಿ ಇಲ್ಲಿಯದು. ಶ್ರವಣಬೆಳಗೊಳ ಇಲ್ಲಿಯದು. ಚಿಕ್ಕಬೆಟ್ಟದ ಬಂಡೆಗಳ ಮೇಲೆ ಸುಮಾರು 600ರಿಂದಲೇ ಸಾವಿನ ಬರಹಗಳಿವೆ. ಯಾರು, ಯಾವ ವ್ರತ ಹಿಡಿದು, ಹೇಗೆ ದೇಹ ಬಿಟ್ಟರು, ಕಲ್ಲನ್ನು ಮಾಡಿಸಿದವರು ಯಾರು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ಶಿವಗಂಗೆಯಲ್ಲಿ ತೀರಿಕೊಂಡದ್ದು, ಆಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಉಪವಾಸ ಹಿಡಿದು ಪ್ರಾಣ ಬಿಟ್ಟದ್ದು ನಮಗೆ ಗೊತ್ತಿರುವುದು ಅಂಥ ಒಂದು ಕಲ್ಲಿನಿಂದ. ಬಿ.ಎಲ್. ರೈಸ್ 1889ರಲ್ಲಿ ಬೆಳಗೊಳದ ಶಾಸನಗಳನ್ನು ಪ್ರಕಟಿಸಿದರು, 1923ರಲ್ಲಿ ಆರ್. ನರಸಿಂಹಾಚಾರ್ ಪರಿಷ್ಕರಿಸಿ ಹೆಚ್ಚಿಸಿದರು. ಷ. ಶೆಟ್ಟರ್ ಅದೇ ನಿಸಿದಿಗಳನ್ನು ಹಿಡಿದು ಸಾವಿನ ಬಗ್ಗೆ ಜೈನರ ನಿಲುವು ಏನೆಂದು ಬಿಡಿಸಿಟ್ಟರು.

ಈಗ ಒಂದು ಹಳ್ಳಿ ಚರ್ಚಿನ ಗೋರಿಕಲ್ಲಿನಲ್ಲಿ ಏನಿರುತ್ತದೆ ನೋಡಿ. ಯಾರು, ಯಾರ ಮಗ ಅಥವಾ ಹೆಂಡತಿ, ಯಾವ ದಿನ ತೀರಿಕೊಂಡರು, ಆತ್ಮಕ್ಕೆ ನಿತ್ಯ ವಿಶ್ರಾಂತಿ ಸಿಗಲೆಂಬ ಬೇಡಿಕೆ, ಕಲ್ಲು ಇಡಿಸಿದವರು ಯಾರು. ನಂಬಿಕೆ ಬೇರೆ, ಕಾಲ ಬೇರೆ; ಸತ್ತವರನ್ನು ಕನ್ನಡದಲ್ಲಿ ಕಲ್ಲಿನ ಮೇಲೆ ಹೇಳುವ ರೀತಿಯಲ್ಲಿ ಮಾತ್ರ ಹೋಲಿಕೆ ಎದ್ದು ಕಾಣುತ್ತದೆ. ಒಂದರಿಂದ ಇನ್ನೊಂದು ನೇರ ಹುಟ್ಟಿತು ಅಂತ ನಾನು ಹೇಳಲಾರೆ. ಆದರೆ ಒಂದೇ ಜಿಲ್ಲೆಯ ಎರಡು ಬಗೆಯ ಸಾವಿನ ಬರಹದಲ್ಲಿ ಒಂದಕ್ಕೆ ಸಂಪುಟಗಳು, ಇನ್ನೊಂದಕ್ಕೆ ವೈರ್ ಬ್ರಷ್ಷು ಅಂದರೆ ನಮ್ಮ ಅಳತೆಗೋಲಿನಲ್ಲೇ ಏನೋ ಐಬಿದೆ.

ಎರಡು ಪಟ್ಟಿಗಳ ನಡುವೆ ಬಿದ್ದವರು

ಈ ಐಬು ಎಲ್ಲಿಂದ ಬಂತು? ನನಗೆ ಕಂಡದ್ದು ಹೀಗೆ. ರೈಸ್ ಅವರ ಹಾಸನ ಜಿಲ್ಲೆಯ ಸಂಪುಟ 1902ರದು. ಅಲ್ಲಿನ ಮುಖ್ಯ ಗಮನ ರಾಜಮನೆತನ, ದೇವಾಲಯ, ದತ್ತಿ. ಆ ಕಾಲಕ್ಕೆ ಅದು ಸಹಜ, ತಪ್ಪು ಹೊರಿಸುವಂತಿಲ್ಲ. ಅತ್ತ ಗೋರಿಗಳನ್ನೇ ಓದಿದವರೂ ಇದ್ದರು. ಜೆ.ಜೆ. ಕಾಟನ್ 1905ರಲ್ಲಿ ಮದ್ರಾಸಿನ ಗೋರಿ ಬರಹಗಳ ದೊಡ್ಡ ಪಟ್ಟಿ ತಂದರು. 1976ರಲ್ಲಿ ಲಂಡನ್ನಿನಲ್ಲಿ ಶುರುವಾದ ದಕ್ಷಿಣ ಏಷ್ಯಾದ ಸಮಾಧಿ ಭೂಮಿಗಳ ಬ್ರಿಟಿಷ್ ಸಂಘವೂ ಇದೇ ಕೆಲಸ ಮಾಡುತ್ತ ಬಂದಿದೆ. ಆದರೆ ಅವರ ಕಣ್ಣಿದ್ದದ್ದು ಬಹುಪಾಲು ಯುರೋಪಿಯನ್ನರ ಮೇಲೆ: ಕರ್ನಲ್, ಕಲೆಕ್ಟರ್, ಅವರ ಹೆಂಡತಿ ಮಕ್ಕಳು.

ಹೀಗಾಗಿ ನಮ್ಮ ಪಟ್ಟಿಯಲ್ಲಿ ರಾಜ ಇದ್ದಾನೆ, ಅವರ ಪಟ್ಟಿಯಲ್ಲಿ ಕರ್ನಲ್ ಇದ್ದಾನೆ. ಗದ್ದೆ ಉತ್ತು, ದನ ಕಾಯ್ದು, ಭಾನುವಾರ ಚರ್ಚಿಗೆ ಹೋಗಿ, ಸತ್ತ ಮೇಲೆ ಕನ್ನಡದಲ್ಲಿ ಹೆಸರು ಕೊರೆಸಿಕೊಂಡ ಚೌರಪ್ಪ, ಇನ್ನಾಸಪ್ಪರು ಎರಡರಲ್ಲೂ ಇಲ್ಲ. ಇವರನ್ನು ವಿದೇಶದವರು ಅನ್ನಲಾಗದು. ಹಳೇ ಕಾಲದವರು ಅಂತ ಒಪ್ಪಲು ನಮಗೆ ಮನಸ್ಸಿಲ್ಲ.

ಇವರ ಚರಿತ್ರೆಯೇನು ಸಣ್ಣದಲ್ಲ. ಹದಿನೇಳನೇ ಶತಮಾನದಲ್ಲೇ ಯೇಸುಸಭೆಯ ಪಾದ್ರಿಗಳು ಶ್ರೀರಂಗಪಟ್ಟಣಕ್ಕೆ ಬಂದಿದ್ದರು. 1799ರ ನಂತರ ಪ್ಯಾರಿಸ್ ವಿದೇಶಿ ಮಿಷನ್ನಿನ ಅಬ್ಬೆ ದ್ಯುಬುವಾ ಈ ಸೀಮೆಯಲ್ಲಿ ಓಡಾಡಿದರು. ನಮ್ಮ ಜನರ ಆಚಾರ ವಿಚಾರದ ಬಗ್ಗೆ ಪುಸ್ತಕ ಬರೆದವರು ಅಂತ ಅವರು ಎಲ್ಲರಿಗೂ ಗೊತ್ತು. ಹಾಸನದ ಹತ್ತಿರ ಸತ್ತಿಹಳ್ಳಿಯಲ್ಲಿ ಕ್ರೈಸ್ತ ರೈತರ ನೆಲೆಯನ್ನು ಊರ್ಜಿತಗೊಳಿಸಿದ್ದು, ಸಿಡುಬಿನ ಲಸಿಕೆ ಹಾಕಿಸಲು ಊರೂರು ತಿರುಗಿದ್ದು ಅಷ್ಟಾಗಿ ಗೊತ್ತಿಲ್ಲ. ಅವರು 1823ರಲ್ಲಿ ಫ್ರಾನ್ಸಿಗೆ ಮರಳಿದರು. ಆಮೇಲೆ ಬಂದ ಮೈಸೂರು ಮಿಷನ್ನಿನ ಬಿಷಪ್ ಶಾರ್ಬೊನೋ ಹೆಸರಿನಲ್ಲಿ ಬೆಂಗಳೂರಿನಿಂದ ಕನ್ನಡ–ಲ್ಯಾಟಿನ್ ನಿಘಂಟು 1855ರಲ್ಲಿ, ಲ್ಯಾಟಿನ್–ಕನ್ನಡ ನಿಘಂಟು 1861ರಲ್ಲಿ ಅಚ್ಚಾದವು. ಶೆಟ್ಟಿಹಳ್ಳಿಯ ಗೋಡೆ ಎದ್ದ ದಶಕವೂ ಇದೇ. ಗೋಡೆಯನ್ನು ನೋಡುವವರಿಗೆ ಈ ನಿಘಂಟುಗಳೂ ನೆನಪಾಗಬೇಕು. ಕಟ್ಟಿದವರು ಕನ್ನಡದ ಜೊತೆ ಗುದ್ದಾಡಿದ್ದರು. ಆ ಗುದ್ದಾಟ ಹಳ್ಳಿಯವರ ಬಾಯಲ್ಲಿ ಏನಾಯಿತು ಅನ್ನುವುದಕ್ಕೆ ಸಾಕ್ಷಿ ಈ ಗೋರಿಕಲ್ಲುಗಳು.

ಕಲ್ಲಿನಲ್ಲಿ ಏನು ಸಿಗುತ್ತೆ?

ಕಳೆದ ವರ್ಷ ಪ್ರಾಯಶ್ಚಿತ್ತ ಅಂತಲೇ ಎರಡು ದಿನ ಕೂತು ಉಳಿದ ಕಲ್ಲುಗಳನ್ನು ಓದಿದೆ. ಕಂಡದ್ದರಲ್ಲಿ ಕೆಲವು:

ಕಾಗುಣಿತ ಊರಿನ ಬಾಯಿಯದು. 'ವರ್ಷ' ಇಲ್ಲ, 'ವರುಷ' ಇದೆ. 'ಇಸವಿ' ಕೆಲವು ಕಡೆ 'ಯಿಸವಿ'. ಕಲ್ಲುಕುಟಿಗನಿಗೆ ಬರೆದುಕೊಟ್ಟವರು ಹೇಳಿದ್ದನ್ನು ಹೇಳಿದ ಹಾಗೇ ಬರೆದಿದ್ದಾರೆ. ಇದನ್ನು ತಪ್ಪು ಅಂತ ತಿದ್ದಿ ಓದಿದರೆ ಆಡುಮಾತಿನ ಸಾಕ್ಷಿಯೇ ಹೋಯಿತು.

ಅಂಕಿಗಳು ಒಂದೇ ಕಲ್ಲಿನಲ್ಲಿ ಎರಡು ಥರ. ಹುಟ್ಟಿದ ದಿನ ಕನ್ನಡ ಅಂಕಿಯಲ್ಲಿ, ತೀರಿದ ದಿನ ಇಂಗ್ಲಿಷ್ ಅಂಕಿಯಲ್ಲಿ. ಬಹಳ ಕಡೆ ಹುಟ್ಟಿದ ದಿನವೇ ಇಲ್ಲ. ಅಂದಾಜು ವಯಸ್ಸು, ಅಷ್ಟೇ.

ಅಕ್ಷರದ ರೂಪ ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ. ಹಳೆಯವು ಕೈಬರಹದ ಗುಂಡಗಿನ ರೂಪ. ಆಮೇಲಿನವು ಅಚ್ಚಿನ ಮೊಳೆ ನೋಡಿ ಕೊರೆದದ್ದು. ದಪ್ಪ, ತೆಳು ಗೆರೆಗಳೂ ಮೊಳೆಯವೇ. ಲಿಪಿ ಚರಿತ್ರೆ ವಿಜಯನಗರಕ್ಕೆ ನಿಲ್ಲುವುದಿಲ್ಲ. ಮುದ್ರಣ ಬಂದ ಮೇಲೆ ಕಲ್ಲಿನ ಕನ್ನಡ ಏನಾಯಿತು ಅಂತ ತಿಳಿಯಲು ಇದಕ್ಕಿಂತ ಒಳ್ಳೆಯ, ತಾರೀಖು ಸಮೇತ ಇರುವ ಸಾಮಗ್ರಿ ಬೇರೆಲ್ಲಿ ಸಿಕ್ಕೀತು?

ಪದಗಳೂ ಹಾಗೆಯೇ. 'ಶಿಲುಬೆ' ಸಿರಿಯಾಕ್ ಮೂಲದಿಂದ ದಕ್ಷಿಣಕ್ಕೆ ಬಂದ ಪದ. 'ಇಸವಿ' ಅರಬ್ಬಿ ಮೂಲದ್ದು, ಈಸಾ ಅಂದರೆ ಯೇಸು. ತಮಿಳಿನ ದಾರಿ ಹಿಡಿದು ಬಂದ ರಾಯಪ್ಪ, ಸಂಸ್ಕೃತದ 'ಆತ್ಮ'. ಒಂದು ಬಡ ಗೋರಿಯ ನಾಲ್ಕು ಸಾಲಿನಲ್ಲಿ ಇಷ್ಟು ದಾರಿಗಳು ಕೂಡುತ್ತವೆ.

ಕಳೆದುಹೋಗುವುದು ಹೇಗೆ?

ಇಲ್ಲಿ ಯಾರನ್ನೂ ಖಳರನ್ನಾಗಿ ಮಾಡುವಂತಿಲ್ಲ. ನವೆಂಬರ್ 2, ಸಕಲ ಆತ್ಮಗಳ ದಿನ. ಅದಕ್ಕೆ ಮುಂಚೆ ಮನೆಯವರು ಬಂದು ಹುಲ್ಲು ಕಿತ್ತು, ಸುಣ್ಣ ಬಳಿದು, ಹೂವಿಟ್ಟು, ಮೇಣದಬತ್ತಿ ಹಚ್ಚುತ್ತಾರೆ. ಅದು ಪ್ರೀತಿ. ಆ ಪ್ರೀತಿಯ ಸುಣ್ಣ ಐವತ್ತು ವರ್ಷದಲ್ಲಿ ಅಕ್ಷರದ ಕೊರೆತವನ್ನು ತುಂಬಿಬಿಡುತ್ತದೆ. ಮಗನಿಗೆ ಕೆಲಸ ಸಿಕ್ಕಿ ಕೈಯಲ್ಲಿ ದುಡ್ಡು ಆಡಿದರೆ ಹಳೇ ಕಲ್ಲು ಕಿತ್ತು ಗ್ರಾನೈಟು ಹಾಕಿಸುತ್ತಾರೆ. ಅದು ಗೌರವ. ಜಾಗ ಸಾಲದೆ ಹಳೇ ಗೋರಿಯಲ್ಲೇ ಹೊಸಬರನ್ನು ಮಣ್ಣು ಮಾಡುತ್ತಾರೆ. ಅದು ಅನಿವಾರ್ಯ, ಮತ್ತು ಹಳೆಯ ಪದ್ಧತಿ. ಸತ್ತವರಿಗೆ ನೆಲ ಬೇಕು. ಪರಂಪರೆ ಉಳಿಸುತ್ತೇವೆ ಅಂತ ಬೇಲಿ ಹಾಕಿ, "ಇಲ್ಲಿ ಹೂಳಬೇಡಿ" ಅನ್ನುವ ಹಕ್ಕು ನಮಗಿಲ್ಲ.

ಕಾನೂನಿನ ಮಾತು ಬಂದರೆ, 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಸ್ಮಾರಕದ ವ್ಯಾಖ್ಯೆಯಲ್ಲೇ 'ಹೂಳಿದ ಜಾಗ' ಮತ್ತು 'ಶಾಸನ' ಎರಡನ್ನೂ ಹೆಸರಿಸುತ್ತದೆ. ಚಾರಿತ್ರಿಕ, ಪುರಾತತ್ವದ ಅಥವಾ ಕಲೆಯ ಮಹತ್ವ ಇರಬೇಕು, 100 ವರ್ಷ ಆಗಿರಬೇಕು. ಈ ಲೆಕ್ಕಕ್ಕೆ 1920ರ ಗೋರಿಕಲ್ಲು ವಯಸ್ಸಿನ ಮಟ್ಟಿಗೆ ಆಗಲೇ ಅರ್ಹ. ಹಾಗಾಗಿ "ಇತ್ತೀಚಿನದು ಬಿಡು" ಅನ್ನುವ ನನ್ನ ಹಳೇ ಮಾತು ಕಾನೂನಿಗೂ ಒಪ್ಪುವುದಲ್ಲ. ಆದರೆ ಘೋಷಣೆಯಾಗದೆ ರಕ್ಷಣೆ ಸಿಗುವುದಿಲ್ಲ, ಪ್ರತಿ ಹಳ್ಳಿಯ ಸಮಾಧಿ ಭೂಮಿಯನ್ನು ಘೋಷಿಸುವುದು ಸಾಧ್ಯವೂ ಅಲ್ಲ, ಬೇಕಾಗಿಯೂ ಇಲ್ಲ. ಬಳಕೆಯಲ್ಲಿರುವ ಸಮಾಧಿ ಭೂಮಿಯಲ್ಲಿ ಕಲ್ಲು ಹೋಗಬಹುದು. ಹೋಗುವ ಮುಂಚೆ ಓದಿಡಬೇಕಾದದ್ದು ನಮ್ಮ ಕೆಲಸ.

ಓದುವ ಮುಂಚೆ

ಹೋಗುವವರಿಗೆ ನನ್ನ ನಾಲ್ಕು ಮಾತು. ಮೊದಲು ಗುರುಗಳ ಮತ್ತು ಊರಿನ ಹಿರಿಯರ ಒಪ್ಪಿಗೆ ಪಡೆಯಿರಿ; ಇದು ಬಯಲಲ್ಲ, ಯಾರದೋ ಅಪ್ಪ ಅಮ್ಮ ಮಲಗಿರುವ ಜಾಗ. ಅಕ್ಷರ ಕಾಣಲೆಂದು ವಿಭೂತಿ, ಮೈದಾಹಿಟ್ಟು, ಸೀಮೆಸುಣ್ಣ, ಎಣ್ಣೆ ಹಚ್ಚಬೇಡಿ. ಸುಣ್ಣವನ್ನು ಕೆರೆಯಬೇಡಿ. ಬೆಳಗಿನ ಅಥವಾ ಸಂಜೆಯ ಓರೆ ಬೆಳಕೇ ಸಾಕು. ಇಲ್ಲದಿದ್ದರೆ ಕನ್ನಡಿ ಹಿಡಿದು ಬಿಸಿಲನ್ನು ಪಕ್ಕದಿಂದ ಹಾಯಿಸಿ, ಅಥವಾ ಕತ್ತಲಾದ ಮೇಲೆ ಟಾರ್ಚನ್ನು ಪಕ್ಕಕ್ಕೆ ಹಿಡಿಯಿರಿ. ಅಳತೆಪಟ್ಟಿ ಇಟ್ಟು ಇಡೀ ಕಲ್ಲಿನ ಫೋಟೋ, ಆಮೇಲೆ ಸಾಲು ಸಾಲಿನದು. ಸಾಲು ಮುರಿದ ಹಾಗೇ, ಕಾಗುಣಿತ ಇದ್ದ ಹಾಗೇ ಬರೆದುಕೊಳ್ಳಿ. ಕಲ್ಲು ಎಲ್ಲಿದೆ ಅಂತ ಒಂದು ನಕ್ಷೆ ಗೀಚಿ. ಪ್ರತಿಯೊಂದನ್ನು ಚರ್ಚಿಗೆ ಕೊಟ್ಟು ಬನ್ನಿ. ಬೆಂಗಳೂರಿನಲ್ಲಿ ಮಿಥಿಕ್ ಸೊಸೈಟಿಯವರು ಶಾಸನಗಳ ಮೂರು ಆಯಾಮದ ಸ್ಕ್ಯಾನ್ ಮಾಡುತ್ತಿದ್ದಾರೆ. ಅಷ್ಟು ಸಲಕರಣೆ ನಮ್ಮಲ್ಲಿಲ್ಲ, ಪರವಾಗಿಲ್ಲ. ಒಂದು ಮೊಬೈಲು, ಒಂದು ನೋಟ್‌ಬುಕ್ಕು, ಎರಡು ದಿನದ ತಾಳ್ಮೆ ಸಾಕು. ಇತ್ತೀಚಿನ ಗೋರಿಗಳ ಹೆಸರನ್ನು ಮಾತ್ರ ಮನೆಯವರನ್ನು ಕೇಳದೆ ಅಂತರ್ಜಾಲಕ್ಕೆ ಹಾಕಬೇಡಿ.

ಎರಡನೇ ದಿನ ಸಂಜೆ ಯಜಮಾನರು ಕಾಫಿ ತಂದರು. ನಾನು ಓದಿದ ಹೆಸರುಗಳನ್ನು ಒಂದೊಂದೇ ಹೇಳುತ್ತ ಹೋದೆ. ಕೆಲವಕ್ಕೆ ಅವರು ನಕ್ಕರು, ಕೆಲವಕ್ಕೆ "ಓ, ಅವ್ರಾ" ಅಂದರು. ತಾತನ ಕಲ್ಲಿನ ಬಗ್ಗೆ ಮತ್ತೆ ಕ್ಷಮೆ ಕೇಳಿದೆ.

"ಬಿಡಿ ಸಾರ್, ನಂಗೆ ಜಾಗ ಗೊತ್ತು. ಕಲ್ಲಿಲ್ದೆ ಇದ್ರೂ ಅಲ್ಲಿಗೇ ಹೋಗಿ ಮೊಂಬತ್ತಿ ಹಚ್ತೀನಿ. ನನ್ನ ಮಗಂಗೆ ಗೊತ್ತಿಲ್ಲ, ಅಷ್ಟೇ."

ನಾನು ನೋಟ್‌ಬುಕ್ಕಿನಲ್ಲಿ ಬಿಡಿಸಿದ್ದ ನಕ್ಷೆ ತೆಗೆದೆ. ಅವರು ಬೆರಳಿಟ್ಟು ತೋರಿಸಿದರು: ಪೂರ್ವದ ಗೋಡೆಯಿಂದ ಮೂರನೇ ಸಾಲು, ಈಗ ಗ್ರಾನೈಟು ಇರುವ ಜಾಗ. ಅಲ್ಲಿ ಒಂದು ಅಂಕಿ ಹಾಕಿ, ಎದುರಿಗೆ ಅವರು ಹೇಳಿದ ಹೆಸರು, ಮನೆತನ ಬರೆದುಕೊಂಡೆ. ಇಸವಿಯ ಜಾಗ ಖಾಲಿ ಬಿಟ್ಟಿದ್ದೇನೆ. ನಕ್ಷೆಯ ಒಂದು ಪ್ರತಿ ಈಗ ಆ ಚರ್ಚಿನಲ್ಲಿದೆ, ಮರಣದ ಪುಸ್ತಕದ ಜೊತೆಗೇ.